ದೇವರನ್ನು ನಂಬುವುದೆಂದರೆ ಯೋಚನೆಯನ್ನೇ ಬಿಡುವುದಾ?

ಪ್ರಶ್ನೆ: ಕೆಲಸ ಬದಲಾಯಿಸಬೇಕೋ ಬೇಡವೋ ಗೊತ್ತಾಗುತ್ತಿಲ್ಲ. ಸ್ವಬುದ್ಧಿಯನ್ನು ಆಧಾರ ಮಾಡಿಕೊಳ್ಳಬೇಡ ಅಂತ ಬೈಬಲಿನ ಜ್ಞಾನೋಕ್ತಿ 3:5 ಹೇಳುತ್ತದೆ. ಅದಕ್ಕೇ ದೇವರು ಒಂದು ಗುರುತು ಕೊಡಲಿ ಅಂತ ಕಾಯುತ್ತಿದ್ದೇನೆ. ಇದು ಸರಿಯಾ?

ಈ ಪ್ರಶ್ನೆಗೆ ಎಷ್ಟು ಸಲ ಬರೆದಿದ್ದೇನೋ! ಕೆಲಸದ ಜಾಗದಲ್ಲಿ ಒಮ್ಮೊಮ್ಮೆ ಮದುವೆ, ಮನೆ, ಸಾಲ ಬರುತ್ತದೆ, ಅಷ್ಟೇ. ಪ್ರಾರ್ಥನೆ ಮಾಡಿ, ದೇವರ ವಾಕ್ಯವಾದ ಬೈಬಲ್ ಓದಿ, ದೇವರಿಗೆ ಹೆದರಿ ನಡೆಯುವ ಹಿರಿಯರನ್ನು ಕೇಳಿ, ಕೂತು ಯೋಚಿಸಿ ತೀರ್ಮಾನ ತಗೊಳ್ಳಿ. ಉತ್ತರ ಇಷ್ಟೇ. ಆದರೆ ಆ ಗುರುತಿನ ಮಾತನ್ನು ಮಾತ್ರ ಸುಮ್ನೆ ಬಿಡಲು ಆಗುವುದಿಲ್ಲ.

ಗುರುತು ಕೇಳುವವರೆಲ್ಲ, ಮಿದ್ಯಾನ್ಯರ ಕೈಯಿಂದ ಇಸ್ರಾಯೇಲ್ಯರನ್ನು ಬಿಡಿಸಲು ದೇವರು ಕರೆದ ಗಿದ್ಯೋನನನ್ನು ಮುಂದೆ ತರುತ್ತಾರೆ. ದಯವಿಟ್ಟು ನ್ಯಾಯಸ್ಥಾಪಕರು 6ನೇ ಅಧ್ಯಾಯವನ್ನು ಮೊದಲಿಂದ ಓದಿ. ಉಣ್ಣೆಯ ಮೇಲೆ ಮಾತ್ರ ಮಂಜು ಬೀಳಲಿ ಅಂತ ಗುರುತು ಕೇಳಿ ಕಣದಲ್ಲಿ ಉಣ್ಣೆ ಹಾಸುವ ಹೊತ್ತಿಗೆ ದೇವರ ಚಿತ್ತ ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ‘ನೀನು ಹೇಳಿದಂತೆ’ ಅಂತ ಅವನೇ ಅನ್ನುತ್ತಾನೆ. ಬೆಳಿಗ್ಗೆ ಎದ್ದು ಉಣ್ಣೆ ಹಿಂಡಿದ, ಬಟ್ಟಲು ತುಂಬ ನೀರು ಬಂತು. ಸುತ್ತಲಿನ ನೆಲ ಒಣಗಿತ್ತು. ಆಗಲಾದರೂ ಹೊರಟನಾ? ಇಲ್ಲ. ಕೋಪ ಮಾಡಬೇಡ, ಇನ್ನೊಂದೇ ಸಲ ಅಂತ ಉಲ್ಟಾ ಕೇಳಿದ. ಈಗ ನೆಲ ಒದ್ದೆಯಾಗಬೇಕು, ಉಣ್ಣೆ ಒಣಗಿರಬೇಕು. ದೇವರು ಅವನ ಭಯವನ್ನು ಸಹಿಸಿಕೊಂಡರು. ಅದು ಅವರ ದಯೆ. ನಾವೂ ಹಾಗೇ ಮಾಡಬೇಕು ಅಂತ ಅಲ್ಲಿ ಎಲ್ಲೂ ಹೇಳಿಲ್ಲ.

ನಾವು ಮಾಡುವುದೇನು? ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಡುತ್ತೇವೆ. ಸಿಕ್ಕಿದ್ದು ವಂಶಾವಳಿಯಾದರೆ ಇನ್ನೊಮ್ಮೆ ತೆರೆಯುತ್ತೇವೆ. ಸಂಜೆಯೊಳಗೆ ಫೋನ್ ಬಂದರೆ ಹೌದು, ಇಲ್ಲದಿದ್ದರೆ ಇಲ್ಲ ಅನ್ನುತ್ತೇವೆ. ಷರತ್ತು ಹಾಕಿದ್ದು ಯಾರು? ಯಾವ ವಚನ ತನಗೆ ಅನ್ವಯಿಸುತ್ತದೆ ಅಂತ ಆರಿಸಿದ್ದು ಯಾರು? ಸ್ವಬುದ್ಧಿಯೇ ಅಲ್ವಾ! ಯಾವುದನ್ನು ಬಿಟ್ಟೆವು ಅಂದುಕೊಂಡೆವೋ ಅದರ ಮೇಲೇ ಪೂರ್ತಿ ಒರಗಿ ನಿಂತಿರುತ್ತೇವೆ.

ಯೇಸುವಿನ ಶಿಷ್ಯರು ಯೂದನ ಜಾಗಕ್ಕೆ ಚೀಟು ಹಾಕಿ ಮತ್ತೀಯನನ್ನು ಆರಿಸಿದ್ದು ನಿಜ. ಅದು ಅಪೊಸ್ತಲರ ಕೃತ್ಯಗಳ 1ನೇ ಅಧ್ಯಾಯ. 2ನೇ ಅಧ್ಯಾಯದಲ್ಲಿ ಪವಿತ್ರಾತ್ಮ ಬಂದ ಮೇಲೆ ಅವರು ಮತ್ತೆ ಚೀಟು ಹಾಕಿದ್ದನ್ನು ತೋರಿಸಿ ನೋಡೋಣ. 15ನೇ ಅಧ್ಯಾಯದಲ್ಲಿ ಯೆಹೂದ್ಯರಲ್ಲದ ವಿಶ್ವಾಸಿಗಳಿಗೂ ಸುನ್ನತಿ ಬೇಕಾ ಅನ್ನುವ ದೊಡ್ಡ ಪ್ರಶ್ನೆ ಎದ್ದಾಗ ಯೆರೂಸಲೇಮಿನಲ್ಲಿ ಕೂತು ಬಹಳ ಹೊತ್ತು ಚರ್ಚಿಸಿದರು. ಆಮೇಲೆ, ಇದು ಪವಿತ್ರಾತ್ಮನಿಗೂ ನಮಗೂ ಸರಿ ಕಂಡಿತು ಅಂತ ಪತ್ರ ಬರೆದರು.

ಹಾಗಂತ ಬರೀ ಬುದ್ಧಿ ಸಾಕು ಅಂತಲೂ ಅಲ್ಲ. ಹತ್ತಿರದಲ್ಲೇ ಇದ್ದ ಗಿಬ್ಯೋನಿನವರು ಒಪ್ಪಂದ ಬೇಡಿ, ಬೂಸ್ಟು ಹಿಡಿದ ರೊಟ್ಟಿ ತೋರಿಸಿ ದೂರದಿಂದ ಬಂದೆವು ಅಂದಾಗ, ಇಸ್ರಾಯೇಲ್ಯರು ರೊಟ್ಟಿಯನ್ನು ನೋಡಿದರು, ದೇವರನ್ನು ಕೇಳಲಿಲ್ಲ. ಮೋಸಹೋದರು. ಇನ್ನು ನಿಮ್ಮ ಹೊಸ ಕೆಲಸದಲ್ಲಿ ಸಂಬಳ ಜಾಸ್ತಿ, ಆದರೆ ಸುಳ್ಳು ಲೆಕ್ಕ ಬರೆಯಬೇಕು ಅಂತಾದರೆ ಗುರುತು ಕೇಳುವ ಅಗತ್ಯವೇ ಇಲ್ಲ. ಲಾಭ ಎಷ್ಟೇ ಕಂಡರೂ ವಾಕ್ಯದ ಮಾತು ಕೇಳುವುದೇ ಭರವಸೆ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ‘ನಿಮ್ಮ ಬಗ್ಗೆ ದೇವರು ನನಗೆ ತಿಳಿಸಿದ್ದಾರೆ’ ಅಂತ ಯಾರಾದರೂ ಬಂದರೆ? ದೇವರಿಗೆ ಆಲಯ ಕಟ್ಟುವ ಆಸೆಯನ್ನು ಅರಸ ದಾವೀದ ಹೇಳಿಕೊಂಡಾಗ, ಮನಸ್ಸಿನಲ್ಲಿ ಇರುವುದನ್ನೆಲ್ಲ ಮಾಡು ಅಂದುಬಿಟ್ಟವನು ಪ್ರವಾದಿ ನಾತಾನ. ಅದೇ ರಾತ್ರಿ ದೇವರು ಬೇರೆ ಮಾತು ಹೇಳಿದರು: ಆಲಯ ಕಟ್ಟುವವನು ದಾವೀದನಲ್ಲ, ಅವನ ಮಗ. ನಾತಾನ ಹೋಗಿ ಅದನ್ನೂ ದಾವೀದನಿಗೆ ತಿಳಿಸಿದ. ಪ್ರವಾದಿಯೇ ಅವಸರಪಡಬಹುದಾದರೆ, ನಿಮಗೆ ಬಂದ ಮಾತನ್ನು ವಾಕ್ಯದ ಜೊತೆ ಇಟ್ಟು ನೋಡುವುದರಲ್ಲಿ ಅವಿಶ್ವಾಸ ಏನೂ ಇಲ್ಲ. ಹೀಗೆ ನೋಡುತ್ತೇನೆ ಅಂದಾಗ ಅವರು ಸಿಟ್ಟಾದರೆ, ಅವರ ಮಾತಿನ ಮೇಲೆ ರಾಜೀನಾಮೆ ಬರೆಯಬೇಡಿ.