ಅಡಿಕೆ ಮರ ಟಾಲ್, ಕೊನೆ ಹೈ

‘ಮೈ ಫಾದರ್ ಈಸ್ ವೆರಿ ಹೈ ಎವೆರಿ ಡೇ.’

ಹತ್ತನೇ ಕ್ಲಾಸಿನ ಹುಡುಗನೊಬ್ಬ ಅಪ್ಪನ ಬಗ್ಗೆ ಬರೆದ ಪ್ರಬಂಧದ ಮೊದಲ ಸಾಲು. ಓದಿ ನಗು ತಡೆಯಲಾಗಲಿಲ್ಲ. ಹಾಗೆ ನಕ್ಕಿದ್ದು ತಪ್ಪು ಅಂತ ಮುಂದಿನ ಸಾಲು ಓದಿದಾಗ ಗೊತ್ತಾಯಿತು. ಅವರಪ್ಪ ತೀರ್ಥಹಳ್ಳಿ ಕಡೆಯ ಕೊನೆಗಾರ, ಅಂದರೆ ಮರ ಹತ್ತಿ ಅಡಿಕೆ ಕೊನೆ (ಗೊನೆ) ಕೊಯ್ಯುವವರು. ಕೊಯ್ಲಿನ ದಿನಗಳಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಅಡಿಕೆ ಮರದ ತುದಿಯಲ್ಲೇ ಇರುವ ಮನುಷ್ಯ. ಅಪ್ಪ ದಿನಾ ಅಷ್ಟು ಎತ್ತರದಲ್ಲಿ ಇರುತ್ತಾರೆ ಅಂತ ಮಗ ಹೆಮ್ಮೆಯಿಂದ ಬರೆದಿದ್ದಾನೆ. ಇಂಗ್ಲಿಷ್ ಬಲ್ಲವರು ಓದಿದರೆ ಅಪ್ಪ ದಿನಾ ನಶೆಯಲ್ಲಿ ಇರುತ್ತಾರೆ ಅಂದುಕೊಳ್ಳುತ್ತಾರೆ.

ಶಿವಮೊಗ್ಗದಲ್ಲಿ ಇಪ್ಪತ್ತೆರಡು ವರ್ಷದಿಂದ ಇಂಗ್ಲಿಷ್ ಪಾಠ ಮಾಡುತ್ತಿದ್ದೇನೆ. ಸಂಜೆ ಹೊತ್ತು ಊರಿನವರ ಅರ್ಜಿ, ಪತ್ರ, ಕರಾರು ಇತ್ಯಾದಿಗಳನ್ನು ಇಂಗ್ಲಿಷಿಗೆ ಮಾಡಿಕೊಡುವ ಕೆಲಸವೂ ಇದೆ. ನಾನು ಕಂಡ ಹಾಗೆ, ಪದ ಗೊತ್ತಿಲ್ಲದೆ ಆಗುವ ತಪ್ಪು ಕಡಿಮೆ. ಗೊತ್ತಿಲ್ಲ ಅಂತಾದರೆ ಜನ ಡಿಕ್ಷನರಿ ನೋಡುತ್ತಾರೆ, ಇಲ್ಲ ಯಾರನ್ನಾದರೂ ಕೇಳುತ್ತಾರೆ. ಆದರೆ ಕನ್ನಡದಲ್ಲಿ ನಾವು ಒಂದೇ ಮಾತಿನಲ್ಲಿ ಮುಗಿಸುವುದನ್ನು ಇಂಗ್ಲಿಷಿನವರು ಎರಡು ಪಾಲು ಮಾಡಿಕೊಂಡಿರುತ್ತಾರಲ್ಲ, ಅಲ್ಲಿ ನಮಗೆ ಅನುಮಾನವೇ ಬರುವುದಿಲ್ಲ, ಅನುಮಾನ ಬರದಿದ್ದ ಮೇಲೆ ಕೇಳುವ ಮಾತೆಲ್ಲಿ?

ಈ ‘ಎತ್ತರ’ವನ್ನೇ ನೋಡಿ. ಅಗಲ ಕಡಿಮೆ ಇದ್ದು ಉದ್ದಕ್ಕೆ ಬೆಳೆದು ನಿಂತದ್ದು ಟಾಲ್: ಮನುಷ್ಯ, ಕಂಬ, ಅಡಿಕೆ ಮರ. ನೆಲದಿಂದ ಎಷ್ಟು ಮೇಲಿದೆ ಅನ್ನುವ ಲೆಕ್ಕ ಬಂದರೆ ಹೈ. ಹಾಗಾಗಿ ಅಡಿಕೆ ಮರ ಟಾಲ್, ಅದರ ತುದಿಯ ಕೊನೆ ಹೈ. ಕೊಡಚಾದ್ರಿಯ ತುದಿ ಸಮುದ್ರ ಮಟ್ಟದಿಂದ 1343 ಮೀಟರ್ ಮೇಲಿದೆ, ಅದಕ್ಕೂ ಹೈ. ಬೆಟ್ಟಕ್ಕೆ, ಗೋಡೆಗೆ ಟಾಲ್ ಅಂದರೆ ಕಿವಿಗೆ ಸರಿ ಬರುವುದಿಲ್ಲ. ಕಟ್ಟಡಕ್ಕೆ ಎರಡೂ ನಡೆಯುತ್ತದೆ. ಮನುಷ್ಯನಿಗೆ ಮಾತ್ರ ಹೈ ಹಚ್ಚಬೇಡಿ, ಕಾರಣ ಮೇಲೆ ಹೇಳಿದೆನಲ್ಲ.

ನೆರಳಿನದ್ದೂ ಇದೇ ಕಥೆ. ಕಾಫಿ ತೋಟದವರೊಬ್ಬರು ಸಿಲ್ವರ್ ಓಕ್ ಮರಗಳನ್ನು ಪತ್ರದ ಉದ್ದಕ್ಕೂ ‘ಶ್ಯಾಡೋ ಟ್ರೀಸ್’ ಅಂತ ಬರೆದುಕೊಂಡು ಬಂದಿದ್ದರು. ಓದಿದರೆ ಮರವಲ್ಲ, ಮರದ ದೆವ್ವ ನಿಂತ ಹಾಗೆ ಕಾಣುತ್ತದೆ! ಬಿಸಿಲು ಬೀಳದ ತಂಪು ಜಾಗ ಶೇಡ್. ಬೆಳಕಿಗೆ ಅಡ್ಡ ನಿಂತಾಗ ನೆಲದ ಮೇಲೋ ಗೋಡೆ ಮೇಲೋ ಬೀಳುವ ಆಕಾರ ಶ್ಯಾಡೋ. ಶ್ಯಾಡೋವನ್ನು ಒಂದು, ಎರಡು ಅಂತ ಎಣಿಸಬಹುದು, ತಂಪನ್ನು ಎಣಿಸೋದು ಹೇಗೆ? ತಮಾಷೆ ಏನೆಂದರೆ ಈ ಎರಡೂ ಹುಟ್ಟಿದ್ದು ಒಂದೇ ಹಳೆ ಇಂಗ್ಲಿಷ್ ಪದದಿಂದ. ಆಗ ಇಂಗ್ಲಿಷಿಗೂ ನಮ್ಮ ಹಾಗೆ ವಿಭಕ್ತಿ ಇತ್ತು. ಪ್ರಥಮಾ ವಿಭಕ್ತಿಯ ರೂಪ ಶೇಡ್ ಆಯಿತು, ಉಳಿದ ವಿಭಕ್ತಿಗಳ ರೂಪ ಶ್ಯಾಡೋ ಆಯಿತು. ನಮ್ಮಲ್ಲಿ ‘ಮರ’ಕ್ಕೆ ಒಂದು ಅರ್ಥ, ‘ಮರದ’ ಅನ್ನುವುದಕ್ಕೆ ಬೇರೆಯೇ ಅರ್ಥ ಬಂದು ಅಣ್ಣ ತಮ್ಮಂದಿರು ಬೇರೆ ಮನೆ ಮಾಡಿದ ಹಾಗೆ. ಹುಲ್ಲುಗಾವಲಿಗೆ ಹೇಳುವ ಮೀಡ್ ಮತ್ತು ಮೆಡೋ ಕೂಡ ಹೀಗೇ ಬೇರೆಯಾದವು. ಪಾಪ, ಮೀಡ್ ಈಗ ಪದ್ಯದಲ್ಲಿ ಬಿಟ್ಟರೆ ಕಾಣುವುದೇ ಅಪರೂಪ.

ಇವೆಲ್ಲ ಹೆಚ್ಚೆಂದರೆ ನಗುವ ವಿಷಯ. ಪೆಟ್ಟು ಬೀಳುವ ಜೋಡಿಗಳು ಬೇರೆ ಇವೆ.

ಸೊರಬ ಕಡೆಯ ಹುಡುಗನೊಬ್ಬ ಬೆಂಗಳೂರಿನ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದ. ಊರಲ್ಲಿ ಅಮ್ಮನಿಗೆ ಮಂಗನ ಕಾಯಿಲೆ ಆಯಿತು. ನಾಲ್ಕು ದಿನ ರಜೆ ಕೇಳಿ ಮೇಲ್ ಹಾಕುವಾಗ ಸಾಂಕ್ರಾಮಿಕ ರೋಗ ಅನ್ನುವುದಕ್ಕೆ ‘ಕಂಟೇಜಿಯಸ್’ ಅಂತ ಬರೆದ. ರಜೆ ಸಿಕ್ಕಿತು, ಆದರೆ ವಾಪಸ್ ಹೋದ ದಿನ ಒಳಗೆ ಬಿಡಲಿಲ್ಲ. ಇನ್ನೂ ಹದಿನೈದು ದಿನ ಈ ಕಡೆ ಬರಬೇಡ ಅಂದರಂತೆ, ಸಂಬಳಕ್ಕೂ ಕತ್ತರಿ. ಅವನು ಬರೆಯಬೇಕಿದ್ದದ್ದು ‘ಇನ್‌ಫೆಕ್ಷಿಯಸ್’. ರೋಗಾಣು ಮೈಗೆ ಹೊಕ್ಕು ಬರುವ ಕಾಯಿಲೆ ಯಾವುದೇ ಆಗಲಿ, ಅದು ಇನ್‌ಫೆಕ್ಷಿಯಸ್. ಅದರಲ್ಲಿ ಒಬ್ಬರಿಂದ ಒಬ್ಬರಿಗೆ ಹತ್ತುವಂಥದ್ದು ಮಾತ್ರ ಕಂಟೇಜಿಯಸ್. ಮಂಗನ ಕಾಯಿಲೆಯನ್ನು ಗುರುತಿಸಿದ್ದೇ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಅದು ಮನುಷ್ಯರಿಗೆ ಬರುವುದು ಹೆಚ್ಚಾಗಿ ಉಣುಗು ಕಚ್ಚಿ. ರೋಗಿಯ ಪಕ್ಕ ಕೂತರೆ, ಅವರಿಗೆ ಗಂಜಿ ಕುಡಿಸಿದರೆ ಬರುವುದಿಲ್ಲ. ನಮ್ಮಲ್ಲಿ ‘ಅಂಟುರೋಗ’ ಅಂತ ಒಳ್ಳೆ ಪದ ಇದೆ, ಕಂಟೇಜಿಯಸ್ಸಿಗೆ ಸರಿಯಾಗಿ ಹೊಂದುತ್ತದೆ. ಆದರೆ ಈಗ ಎಲ್ಲದಕ್ಕೂ ‘ಸಾಂಕ್ರಾಮಿಕ’ ಅಂದು ಮುಗಿಸುತ್ತೇವೆ. ನಮ್ಮ ಮಾತೇ ಮಬ್ಬಾದರೆ ಅನುವಾದ ಸ್ಪಷ್ಟ ಆಗುವುದು ಹೇಗೆ?

ಇನ್ನೊಂದು ಲೀಸು. ‘ಮನೆ ಲೀಸಿಗೆ ಇದೆ’ ಅಂದರೆ ನಮಗೆಲ್ಲ ಗೊತ್ತು: ಒಂದೇ ಸಲ ದೊಡ್ಡ ಮೊತ್ತ ಕೊಡಬೇಕು, ತಿಂಗಳ ಬಾಡಿಗೆ ಇಲ್ಲ, ಮನೆ ಬಿಡುವಾಗ ದುಡ್ಡು ವಾಪಸ್. ಹಳಬರು ಭೋಗ್ಯ ಅನ್ನುತ್ತಾರೆ. ಇಂಗ್ಲಿಷಿನ ಲೀಸ್‌ಗೆ ಈ ಅರ್ಥವೇ ಇಲ್ಲ. ಅಲ್ಲಿ ಲೀಸ್ ಅಂದರೆ ಇಷ್ಟು ಕಾಲಕ್ಕೆ ಇಂಥ ಷರತ್ತಿನ ಮೇಲೆ ಕೊಟ್ಟಿದ್ದೇನೆ ಅನ್ನುವ ಕರಾರು. ಆ ಕರಾರಿನ ಕೆಳಗೆ ಕಟ್ಟುವ ದುಡ್ಡು ರೆಂಟ್. ನಮ್ಮ ಬೀದಿಯ ಮನೆ ಮಾಲೀಕರೊಬ್ಬರು ಉತ್ತರ ಭಾರತದಿಂದ ವರ್ಗವಾಗಿ ಬರುತ್ತಿದ್ದವರಿಗೆ ‘ಲೀಸ್, ಎಂಟು ಲಕ್ಷ’ ಅಂತ ಮೆಸೇಜ್ ಹಾಕಿದರು. ಆ ಕಡೆಯಿಂದ ಬಂದ ಪ್ರಶ್ನೆ: ಎಂಟು ಲಕ್ಷ ವರ್ಷಕ್ಕಾ? ಇವರು, ‘ಅಲ್ಲ, ಪೂರಾ ವಾಪಸ್ ಕೊಡುತ್ತೇನೆ’ ಅಂದರು. ಅಲ್ಲಿಗೆ ಅವರಿಗೆ ಇದು ಮೋಸದ ಕೇಸು ಅಂತ ಗಟ್ಟಿಯಾಯಿತು, ಫೋನ್ ಎತ್ತುವುದನ್ನೇ ಬಿಟ್ಟರು. ಇಂಥ ಕಡೆ ನಾನು ಪದಕ್ಕೆ ಪದ ಹುಡುಕಲು ಹೋಗುವುದಿಲ್ಲ. ದುಡ್ಡು ಯಾವಾಗ ಕೊಡಬೇಕು, ಯಾವಾಗ ವಾಪಸ್ ಬರುತ್ತದೆ, ತಿಂಗಳಿಗೆ ಏನೂ ಇಲ್ಲ ಅಂತ ಮೂರು ಸಾಲು ಬಿಡಿಸಿ ಬರೆಯುತ್ತೇನೆ. ಅಂದ ಹಾಗೆ ಕೊಡಚಾದ್ರಿಗೆ ಜೀಪು ಬಾಡಿಗೆಗೆ ಹಿಡಿಯುತ್ತೀರಲ್ಲ, ಒಂದು ದಿನದ ಮಟ್ಟಿಗೆ, ಅದಕ್ಕೆ ಬ್ರಿಟನ್ನಿನವರು ಹೈರ್ ಅನ್ನುತ್ತಾರೆ, ಅಮೆರಿಕದವರು ರೆಂಟ್ ಅನ್ನುತ್ತಾರೆ. ಅದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನಿಲ್ಲ.

ಮಳೆಗಾಲದಲ್ಲಿ ‘ಡ್ಯಾಮ್ ತುಂಬಿತು’ ಅನ್ನುತ್ತೇವೆ. ಡ್ಯಾಮ್ ಅಂದರೆ ಕಟ್ಟೆ, ತುಂಬುವುದು ಹಿಂದಿನ ರಿಸರ್ವಾಯರ್. ಆದರೆ ಆಸ್ಟ್ರೇಲಿಯಾದವರೂ ನಮ್ಮ ಹಾಗೆ ನೀರಿಗೇ ಡ್ಯಾಮ್ ಅನ್ನುತ್ತಾರೆ, ಹಾಗಾಗಿ ಇದನ್ನು ನಾನು ತಿದ್ದುವುದು ಬಿಟ್ಟಿದ್ದೇನೆ. ಲಿಂಗನಮಕ್ಕಿಯ 1819 ಅಡಿ ನೀರಿನ ಆಳ ಅಂದುಕೊಂಡವರನ್ನು ಮಾತ್ರ ಬಿಡುವುದಿಲ್ಲ. ಅದು ಸಮುದ್ರ ಮಟ್ಟದಿಂದ ಅಳೆದ ಲೆಕ್ಕ ಮಾರಾಯ್ರೆ.

ಅಡಿಕೆ ವಿಷಯಕ್ಕೆ ಬಂದರೆ ಎಡವಿದವರು ಇಂಗ್ಲಿಷಿನವರೇ. ಎಷ್ಟೋ ಕಡೆ ಅಡಿಕೆಗೆ ‘ಬೀಟಲ್ ನಟ್’ ಅಂತಲೇ ಬರೆಯುತ್ತಾರೆ. ಬೀಟಲ್ ಅನ್ನುವುದು ಮಲಯಾಳದ ‘ವೆಟ್ಟಿಲ’, ಅಂದರೆ ನಮ್ಮ ವೀಳ್ಯದೆಲೆ. ಎಲೆ ಜೊತೆ ತಿನ್ನುತ್ತಾರೆ ಅಂತ ಅಡಿಕೆಗೂ ಎಲೆಯ ಹೆಸರೇ ಬಿತ್ತು. ಅಡಿಕೆಗೆ ಸರಿಯಾದ ಪದ ಅರೆಕಾ. ಅದೂ ಮಲಯಾಳದ ‘ಅಡಯ್ಕ’ದಿಂದ ಪೋರ್ಚುಗೀಸರ ಬಾಯಿಗೆ ಹೋಗಿ ಬಂದದ್ದು, ಅಂದರೆ ನಮ್ಮ ಅಡಿಕೆಯ ದಾಯಾದಿ. ಇನ್ನು ಬೀಟಲ್‌ಗೆ ಸ್ಪೆಲ್ಲಿಂಗ್ ತಪ್ಪಿದರೆ ದುಂಬಿ ಜಾತಿಯ ಹುಳ ಆಗುತ್ತದೆ. ಮಂಡಿಯಿಂದ ಬರುವ ಪತ್ರಗಳಲ್ಲಿ ಹುಳದ ಅಡಿಕೆ ನಾನು ಎಷ್ಟೋ ಸಲ ನೋಡಿದ್ದೇನೆ. ಕೊಳ್ಳುವವರಿಗೆ ಹುಳು ಹಿಡಿದ ಮಾಲು ಅನ್ನಿಸಿದರೆ ಯಾರನ್ನು ಬೈಯುವುದು? ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ ನಾವು ವಿಂಗಡಿಸುವುದಕ್ಕೆ ಇಂಗ್ಲಿಷಿನಲ್ಲಿ ಪದಗಳೇ ಇಲ್ಲ. ಅವನ್ನು ಹಾಗೆಯೇ ಇಟ್ಟು, ಪಕ್ಕದಲ್ಲಿ ಹೇಗೆ ಮಾಡಿದ ಅಡಿಕೆ ಅಂತ ಒಂದು ಸಾಲು ವಿವರ ಬರೆದರೆ ಸಾಕು.

ಆ ಹುಡುಗ ಪ್ರಬಂಧ ತಿದ್ದಿ ತಂದ. ‘ಮೈ ಫಾದರ್ ವರ್ಕ್ಸ್ ಹೈ ಅಪ್ ಇನ್ ಟಾಲ್ ಟ್ರೀಸ್.’ ಸರಿಯಾಗಿತ್ತು. ಕೊನೆಗಾರ ಅನ್ನುವುದಕ್ಕೆ ಏನು ಬರೆಯಲಿ ಅಂತ ಕೇಳಿದ. ‘ಅರೆಕಾ ಕ್ಲೈಂಬರ್’ ಅಂತ ಬರಿ ಅಂದೆ.

‘ಹತ್ತೋದು ಯಾರು ಬೇಕಾದ್ರೂ ಹತ್ತಬಹುದು ಮೇಡಂ,’ ಅಂದ. ‘ಅಪ್ಪ ಕೊನೆ ಕೊಯ್ದು ಹಗ್ಗದಲ್ಲಿ ಕೆಳಗೆ ಬಿಡ್ತಾರೆ, ಆಮೇಲೆ ಇಳಿಯದೇ ಮರದಿಂದ ಮರಕ್ಕೆ ಹೋಗ್ತಾರೆ.’

‘ಕೊನೆಗಾರ’ ಅಂತಲೇ ಇರಲಿ ಅಂದು ಸಹಿ ಹಾಕಿದೆ.