ಮಹಾವೃತ್ತ ದೂರ: ದಿಲ್ಲಿಯಿಂದ ಟೋಕಿಯೊ ಎಷ್ಟು ದೂರ, ಎಷ್ಟು ತಾಸು?

ಧಾರವಾಡದ ನಮ್ಮ ಓಣಿಯ ಕಾಕು ಮೊನ್ನೆ ಮಗನಿಗೆ ಕಳಿಸೋ ಪೇಢೆ ಡಬ್ಬಿಗೆ ದಾರ ಕಟ್ಟುತ್ತಾ ಕೇಳಿದರು: "ತಮ್ಮಾ, ದಿಲ್ಲಿಯಿಂದ ಟೋಕಿಯೊಕ್ಕ ಹೋಗಾಕ ಎಂಟ್ ತಾಸಂತ, ಬರಾಕ ಹತ್ತ್ ತಾಸಂತ. ದಾರಿ ಒಂದ ಅಲ್ಲೇನ?"

ಧಾರವಾಡದಿಂದ ಹುಬ್ಬಳ್ಳಿಗೆ 20 ಕಿ.ಮೀ. ಚಿಲ್ಲರೆ ಅಂದರೆ ಅದು ರಸ್ತೆಯ ಅಳತೆ, ಚಿಗರಿ ಬಸ್ಸಿನ ಚಕ್ರ ಉರುಳಿದಷ್ಟು. ದಿಲ್ಲಿ–ಟೋಕಿಯೊ ಸುಮಾರು 5,850 ಕಿ.ಮೀ. ಅಂತ ಮೊಬೈಲ್ ತೋರಿಸುತ್ತದಲ್ಲ, ಅದು ಬರೀ ಲೆಕ್ಕದ ದೂರ. ಅದರ ಹೆಸರೇ ಮಹಾವೃತ್ತ ದೂರ.

ನಿಂಬೆಹಣ್ಣನ್ನು ಸರಿಯಾಗಿ ಎರಡು ಹೋಳು ಮಾಡಿ. ಕೊಯ್ದ ಅಂಚಿನ ಗೆರೆಯೇ ಮಹಾವೃತ್ತ. ಓರೆಯಾಗಿ ಕೊಯ್ದರೂ ನಡೆಯುತ್ತದೆ, ಚಾಕು ನಟ್ಟನಡುವೆ ಹಾಯಬೇಕು ಅಷ್ಟೆ. ಭೂಮಿಯ ಮೇಲೆ ಸಮಭಾಜಕ ವೃತ್ತ ಮಹಾವೃತ್ತ. ಕರ್ಕಾಟಕ ವೃತ್ತ ಅಲ್ಲ, ಅದು ತೊಟ್ಟಿನ ಕಡೆಗೆ ಕೊಯ್ದ ಹಾಗೆ. ಗೋಲದ ಮೇಲೆ ಎರಡು ಊರಿನ ನಡುವೆ ಅತಿ ಹತ್ತಿರದ ದಾರಿ ಇರುವುದು ಮಹಾವೃತ್ತದ ಮೇಲೆಯೇ.

ಕಾಕು ಕೈಯಲ್ಲಿದ್ದ ದಾರವನ್ನೇ ಇಸ್ಕೊಂಡು ಮಗಳ ಗ್ಲೋಬಿನ ಮೇಲೆ ಬಿಗಿಯಾಗಿ ಹಿಡಿದೆ. ದಿಲ್ಲಿಯಿಂದ ಹೊರಟ ದಾರ ಹಿಮಾಲಯ ದಾಟಿ, ಟಿಬೆಟ್ ಮೇಲೆ ಹಾದು, ಚೀನಾ ಸೀಳಿಕೊಂಡು ಟೋಕಿಯೊ ಮುಟ್ಟಿತು. ಗೋಡೆಯ ನಕಾಶೆಯಲ್ಲಿ ಇದೇ ದಾರಿ ಉತ್ತರಕ್ಕೆ ಬಾಗಿದ ಬಿಲ್ಲಿನ ಹಾಗೆ ಕಾಣುತ್ತದೆ. ತಪ್ಪು ದಾರಿಯದಲ್ಲ. ಉರುಟು ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಇಳಿಸಿದ್ದರ ಫಲ.

ಆದರೆ ವಿಮಾನ ಸಾಮಾನ್ಯವಾಗಿ ಈ ದಾರದ ಮೇಲೆ ಹೋಗುವುದಿಲ್ಲ. ಒಳಗಿನ ಗಾಳಿಯ ಒತ್ತಡ ಕೈಕೊಟ್ಟರೆ ಪೈಲಟ್ ಬೇಗನೆ ಸುಮಾರು 10,000 ಅಡಿಗೆ, ಅಂದರೆ 3 ಕಿ.ಮೀ. ಎತ್ತರಕ್ಕೆ, ಇಳಿಯಬೇಕು. ಜನ ಅಲ್ಲಿ ಸುಮ್ನೆ ಉಸಿರಾಡಬಹುದು. ಟಿಬೆಟ್ಟಿನ ನೆಲವೇ ಸರಾಸರಿ 4,500 ಮೀಟರಿಗಿಂತ ಎತ್ತರ! ಇಳಿಯೋದು ಎಲ್ಲಿಗೆ? ಹಾಗಾಗಿ ಮ್ಯಾನ್ಮಾರ್, ದಕ್ಷಿಣ ಚೀನಾ ಕಡೆಯಿಂದ ಸುತ್ತು ಹಾಕುತ್ತಾರೆ. ಕಿಲೋಮೀಟರ್ ಜಾಸ್ತಿಯಾಗುತ್ತದೆ.

ಇನ್ನು ಕಾಕು ಕೇಳಿದ ಎರಡು ತಾಸು. ಸುಮಾರು 10 ಕಿ.ಮೀ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಯೊಂದು ಹರಿಯುತ್ತದೆ, ಜೆಟ್ ಸ್ಟ್ರೀಮ್. ಚಳಿಗಾಲದಲ್ಲಿ ಜಪಾನಿನ ಮೇಲೆ ಅದರ ವೇಗ ಗಂಟೆಗೆ 300 ಕಿ.ಮೀ. ದಾಟುವುದುಂಟು. ಹೋಗುವಾಗ ಅದು ಬೆನ್ನಿಗೆ, ಬರುವಾಗ ಎದೆಗೆ. ನವಲೂರು ಏರು ಸೈಕಲ್ ಹೊಡೆದವರಿಗೆ ಹೆಚ್ಚು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಟಿಕೆಟ್ಟಿನ ಹೊತ್ತಿನಲ್ಲಿ ರನ್‌ವೇ ತನಕ ತೆವಳುವ ಸಮಯವೂ ಸೇರಿರುತ್ತದೆ. 5,850ನ್ನು ಗಂಟೆಗೆ 900ರಿಂದ ಭಾಗಿಸಿದರೆ ಬರುವ ಆರೂವರೆ ತಾಸು ಅಲ್ಲಿ ಕಾಣದಿರುವುದಕ್ಕೆ ಅದೂ ಒಂದು ಕಾರಣ. ಜೊತೆಗೆ ಹೊರಡುವುದು ನಮ್ಮ ಗಡಿಯಾರದಲ್ಲಿ, ಇಳಿಯುವುದು ಅವರ ಗಡಿಯಾರದಲ್ಲಿ. ಜಪಾನ್ ಮೂರೂವರೆ ತಾಸು ಮುಂದೆ. ರಾತ್ರಿ 8ಕ್ಕೆ ಹೊರಟು ಬೆಳಿಗ್ಗೆ 7:30ಕ್ಕೆ ಇಳಿದರೆ ಹನ್ನೊಂದೂವರೆ ತಾಸಲ್ಲ, ಎಂಟೇ ತಾಸು.

ಕಾಕು ಗೋಡೆ ಗಡಿಯಾರ ನೋಡಿದರು. ನಾಲ್ಕೂವರೆ. ಬೆರಳು ಮಡಚಿ ಎಣಿಸಿ, "ಅಂದ್ರ ಅಲ್ಲೀಗ ಎಂಟು. ಊಟಕ್ಕ ಕುಂತಿರ್ತಾನ" ಎಂದು ಫೋನ್ ಕೈಗೆತ್ತಿಕೊಂಡರು.