ಡೆಂಗ್ಯೂ ಕಾರ್ಡ್ ಟೆಸ್ಟ್ ನೆಗೆಟಿವ್ ಬಂದ್ರೆ ನಾನು ಕೇಳೋ ಪ್ರಶ್ನೆ

ಮಳೆಗಾಲ ಶುರುವಾಗಿದ್ದೇ ತಡ ನೆಂಟರಿಷ್ಟರ ಫೋನ್ ಬರುತ್ತೆ, "ಡೆಂಗ್ಯೂ ಕಾರ್ಡ್ ನೆಗೆಟಿವ್ ಬಂದಿದೆ, ಇನ್ನೇನು ಭಯ ಇಲ್ಲ ಅಲ್ವಾ?" ಅಂತ. ಇಂಥ ಕಿಟ್ ಡೆವಲಪ್ ಮಾಡೋ ಲ್ಯಾಬ್‌ನಲ್ಲೇ ಇರೋ ನಾನು ತಿರುಗಿ ಕೇಳೋದು ಒಂದೇ, ಜ್ವರ ಬಂದು ಎಷ್ಟನೇ ದಿನ?

ಯಾಕಂದ್ರೆ ರಕ್ತ ಹಾಕಿದ್ರೆ ಗೆರೆ ಮೂಡಿಸಿ ಫಲಿತಾಂಶ ತೋರಿಸೋ ಆ ಕಾರ್ಡ್‌ನಲ್ಲಿ ಬೇರೆ ಬೇರೆ ಟೆಸ್ಟ್ ಇರ್ತವೆ. ಎನ್‌ಎಸ್‌1 ವೈರಸ್ಸಿನದೇ ಪ್ರೋಟೀನು, ಮೊದಲ ದಿನದಿಂದ ಸುಮಾರು ಐದನೇ ದಿನದವರೆಗೆ ರಕ್ತದಲ್ಲಿ ಚೆನ್ನಾಗಿ ಸಿಗುತ್ತೆ. ಐಜಿಎಂ ವೈರಸ್ ವಿರುದ್ಧ ನಮ್ಮ ಮೈ ತಯಾರಿಸೋ ಆಂಟಿಬಾಡಿ, ಕಾಣಿಸಿಕೊಳ್ಳೋದು ನಾಲ್ಕೈದು ದಿನ ಆದ್ಮೇಲೆ, ಹಾಗಾಗಿ ಎರಡನೇ ದಿನ ಐಜಿಎಂ ನೆಗೆಟಿವ್ ಅಂದ್ರೆ ಅದಕ್ಕೆ ಅರ್ಥಾನೇ ಇಲ್ಲ. ಎರಡನೇ ಸಲ ಡೆಂಗ್ಯೂ ಬಂದವರಲ್ಲಿ ಇನ್ನೂ ತೊಡಕು, ಹಳೇ ಆಂಟಿಬಾಡಿಗಳು ಎನ್‌ಎಸ್‌1 ಅನ್ನ ಮುತ್ತಿಕೊಂಡು ಮುಚ್ಚಿಬಿಡ್ತವೆ, ಎಷ್ಟೋ ಸಲ ಕಾರ್ಡ್ ಒಳಗಿನ ನಮ್ಮ ಸ್ಟ್ರಿಪ್‌ಗೆ ಸಿಗೋದೇ ಇಲ್ಲ. ಕಾಯಿಲೆ ಜೋರಾಗೋ ಅಪಾಯ ಜಾಸ್ತಿ ಇರೋದೂ ಅವರಿಗೇ, ನನ್ನ ನಿದ್ದೆ ಕೆಡಿಸೋದು ಇದು.

ಎನ್‌ಎಸ್‌1 ಹಿಡಿಯೋಕೆ ಒಂದು ಜೋಡಿ ಆಂಟಿಬಾಡಿ ಬೇಕು. ಒಂದನ್ನ ಸ್ಟ್ರಿಪ್‌ನ ಮೆಂಬ್ರೇನ್ ಅನ್ನೋ ತೆಳು ಹಾಳೆ ಮೇಲೆ ಗೆರೆ ಎಳೆದು ಒಣಗಿಸಿರ್ತೀವಿ, ಇನ್ನೊಂದನ್ನ ಚಿನ್ನದ ಸಣ್ಣ ಕಣಗಳಿಗೆ ಅಂಟಿಸಿರ್ತೀವಿ, ರಕ್ತದಲ್ಲಿ ಆ ಪ್ರೋಟೀನ್ ಇದ್ರೆ ಮಾತ್ರ ಚಿನ್ನ ಗೆರೇಲಿ ಸಿಕ್ಕಿಹಾಕ್ಕೊಂಡು ಕೆಂಪಗೆ ಕಾಣುತ್ತೆ. ಹತ್ತು ಆಂಟಿಬಾಡಿ ಕೈಲಿದ್ರೆ ಅದಲು ಬದಲು ಮಾಡಿ ತೊಂಬತ್ತು ಜೋಡಿ ಓಡಿಸಿ ನೋಡ್ಬೇಕು. ಡೆಂಗ್ಯೂನ ನಾಲ್ಕೂ ಬಗೆಗೆ ಗೆರೆ ಬರ್ಬೇಕು, ಅದರ ದಾಯಾದಿಗಳಾದ ಜೀಕಾಗೂ ಮೆದುಳು ಜ್ವರದ ಜಪಾನೀಸ್ ಎನ್ಸೆಫಲೈಟಿಸ್‌ಗೂ ಬರಬಾರದು. ಹೆಚ್ಚಿನ ಜೋಡಿಗಳು ಇಲ್ಲೇ ಸೋಲ್ತವೆ.

ಆಮೇಲೆ ಚಿನ್ನ. ಸುಮಾರು 40 ನ್ಯಾನೋಮೀಟರ್ ಕಣಗಳ ಆ ದ್ರಾವಣ ನೋಡೋಕೆ ಥೇಟ್ ಪುನರ್ಪುಳಿ ಶರಬತ್ತು. ಆಂಟಿಬಾಡಿ ಸಾಕಷ್ಟು ಅಂಟಿದ್ಯಾ ಅಂತ ನೋಡೋಕೆ ಉಪ್ಪುನೀರು ಹಾಕ್ತೀವಿ, ಕಮ್ಮಿ ಆಗಿದ್ರೆ ಕಣ್ಣೆದುರೇ ಕೆಂಪು ಹೋಗಿ ನೇರಳೆ, ನೀಲಿ ಆಗುತ್ತೆ, ಕಣಗಳು ಗಂಟು ಕಟ್ಟಿದ್ವು ಅಂತ ಲೆಕ್ಕ.

ಇಷ್ಟೆಲ್ಲ ಸರಿಹೋದ್ರೂ ತೇವ ಬಿಡಲ್ಲ. ಒಂದು ಜುಲೈನಲ್ಲಿ ನಾನು ಕೆಲಸ ಮಾಡ್ತಿದ್ದ ಕಡೆ ರಾತ್ರಿ ಡ್ರೈ ರೂಮಿನಲ್ಲಿ ಗಾಳಿಯ ತೇವ ಹೀರೋ ಡಿಹ್ಯೂಮಿಡಿಫೈಯರ್ ನಿಂತುಹೋಗಿತ್ತು, ಯಾರೂ ಗಮನಿಸಲಿಲ್ಲ. ಪೌಚ್ ಸೀಲ್ ಆಗೋ ಮೊದ್ಲೇ ಸ್ಟ್ರಿಪ್ ತೇವ ಕುಡಿದಿತ್ತು, ಎರಡು ತಿಂಗಳಾದ್ಮೇಲೆ ಎನ್‌ಎಸ್‌1 ಕಮ್ಮಿ ಇರೋ ವೀಕ್ ಪಾಸಿಟಿವ್ ಸ್ಯಾಂಪಲ್‌ಗಳಿಗೆ ಗೆರೆ ಬರೋದೇ ನಿಂತೋಯ್ತು, ಇಡೀ ಬ್ಯಾಚ್ ವಾಪಸ್ ತರಿಸಿದ್ವಿ. ಅಷ್ಟರಲ್ಲಿ ಅದನ್ನ ನಂಬಿದವರು ಎಷ್ಟು ಜನ ಇರ್ಬಹುದು ಅಂತ ಇವತ್ತಿಗೂ ಯೋಚನೆ ಬರುತ್ತೆ. ಲ್ಯಾಬ್ ಟೆಕ್ನಿಶಿಯನ್‌ಗಳೇ, ಸ್ಯಾಂಪಲ್ ರೆಡಿ ಆದ್ಮೇಲೇ ಪೌಚ್ ಹರೀರಿ, ಕಿಟ್ ಮೇಲೆ ಬರೆದ ಟೈಮ್ ಒಳಗೆ ಮಸುಕು ಗೆರೆ ಬಂದ್ರೂ ಅದು ಪಾಸಿಟಿವ್ವೇ, ಟೈಮ್ ದಾಟಿ ಬಂದಿದ್ದನ್ನ ಲೆಕ್ಕಕ್ಕೆ ತಗೋಬೇಡಿ.

ಫೋನ್ ಮಾಡಿದವರಿಗೆ ಹೇಳೋದು, ಕಾರ್ಡ್ ನೆಗೆಟಿವ್ ಇದ್ದು ಜ್ವರ ಬಿಡದಿದ್ರೆ ಡಾಕ್ಟರ್ ಹತ್ರ ಹೋಗಿ ಎಲಿಸಾ ಅನ್ನೋ ಲ್ಯಾಬ್ ಟೆಸ್ಟ್ ಮಾಡಿಸಿ ಅಂತ. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಖಾಸಗಿ ಲ್ಯಾಬ್‌ಗಳಿಗೆ ಎನ್‌ಎಸ್‌1 ಎಲಿಸಾಗೆ 300, ಐಜಿಎಂ ಎಲಿಸಾಗೆ 300 ರೂಪಾಯಿ ಅಂತ ದರ ನಿಗದಿ ಮಾಡಿತ್ತು. ಜ್ವರ ಇಳಿದ ಮೇಲೂ ಹೊಟ್ಟೆನೋವು, ಬಿಡದ ವಾಂತಿ ಇದ್ರೆ ಯಾವ ಗೆರೆಗೂ ಕಾಯ್ಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.